ಸಾಫ್ಟ್ ಮೇಪಲ್ ಅಷ್ಟೇನೂ ಸಾಫ್ಟ್ ಅಲ್ಲ

ನಮಸ್ಕಾರ. ಈ ಎರಡು ಹಲಗೆ ತುಂಡುಗಳನ್ನು ಹಾಗೇ ಹಿಂದಿನ ಸಾಲಿಗೆ ದಾಟಿಸಿ. ಎರಡರ ಮೇಲೂ ಈಗಷ್ಟೇ ಒಂದೊಂದು ಹನಿ ನೀರು ಹಾಕಿದ್ದೇನೆ. ಸುಮ್ನೆ ನೀರಲ್ಲ, ಅನ್ನಭೇದಿ ಕರಗಿಸಿದ ನೀರು. ಹಿಂದಿನವರು ಮಸಿ ಮಾಡುತ್ತಿದ್ದರಲ್ಲ, ಅದೇ ಅನ್ನಭೇದಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಎರಡೂ ಅಮೆರಿಕದ ಮೇಪಲ್. ಉಡುಪಿಯಲ್ಲಿ ಈ ಮರ ಇಲ್ಲ. ಎಲೆಯನ್ನು ಕೆನಡಾದ ಬಾವುಟದಲ್ಲಿ ನೋಡಿದ್ದೇವೆ, ಅಷ್ಟೇ. ಆದರೆ ಕೃಷ್ಣಮಠದ ರಾಜಾಂಗಣದ ಸಂಗೀತ ಕಛೇರಿಗೆ ಹೋದವರೆಲ್ಲ ಇದರ ಯುರೋಪಿನ ಅಣ್ಣತಮ್ಮನನ್ನು ನೋಡಿದ್ದೀರಿ. ಮೃದಂಗ, ವೀಣೆ ನಮ್ಮ ಹಲಸಿನವು. ಪಕ್ಕದ ಪಿಟೀಲಿನ ಬೆನ್ನು, ಕುತ್ತಿಗೆ, ತಂತಿ ಹೊರುವ ಕುದುರೆ ಮೇಪಲ್‌ನವು.

ಬಣ್ಣ ನೋಡಿ ಹೆಸರು ಹೇಳಬೇಡಿ. ಬೆಳ್ಳಗಿರುವ ಮರ ಎಷ್ಟೋ ಇವೆ. ಹಲಗೆಯ ತುದಿಯನ್ನು ಹರಿತವಾದ ಉಳಿಯಿಂದ ಒಂದು ಸಲ ಸವರಿ, ಭೂತಗನ್ನಡಿ ಹಿಡಿಯಿರಿ. ಸಾಗುವಾನಿಯಲ್ಲಿ ದೊಡ್ಡ ರಂಧ್ರಗಳು ಉಂಗುರದ ಸಾಲಿನಲ್ಲಿ ಕೂತಿರುತ್ತವೆ. ಮೇಪಲ್‌ನಲ್ಲಿ ರಂಧ್ರ ಸಣ್ಣವು, ರಾಗಿ ಚೆಲ್ಲಿದ ಹಾಗೆ ಎಲ್ಲ ಕಡೆ.

ಹಾರ್ಡ್ ಮೇಪಲ್, ಸಾಫ್ಟ್ ಮೇಪಲ್ ಎಂದು ಎರಡು ಬಗೆ. ಸಾಫ್ಟ್ ಎಂದರೆ ಪೈನ್ ಥರದ ಮೆದು ಅಲ್ಲ. ಗಡಸುತನ ಅಳೆಯುವ ಜಾಂಕಾ ಲೆಕ್ಕದಲ್ಲಿ ಹಾರ್ಡ್ ಮೇಪಲ್ 1,450. ಸಾಫ್ಟ್ ಗುಂಪಿನ ಕೆಂಪು ಮೇಪಲ್ 950. ನಮ್ಮ ಸಾಗುವಾನಿ 1,000ದ ಆಸುಪಾಸು. ಅಂದರೆ ಸಾಗುವಾನಿ ಪಳಗಿದ ಕೈಗೆ ಕೆಂಪು ಮೇಪಲ್ ಹೊಸದೇನಲ್ಲ.

ಕಷ್ಟ ಬೇರೆ ಕಡೆ ಇದೆ, ನಮ್ಮ ಮಳೆಯಲ್ಲಿ. ಜನವರಿಯಲ್ಲಿ ನಾನೊಂದು ಮೇಜು ಮಾಡಿದೆ. ಡ್ರಾಯರಿನ ಮುಖದ ಎತ್ತರ, ಅಂದರೆ ಹಲಗೆಯ ಅಗಲ, 200 ಮಿಲಿಮೀಟರ್. ಮೇಲೆ ಬಿಟ್ಟ ಸಂದು ಬರೀ ಒಂದು ಮಿಲಿಮೀಟರ್. ಆಗ ಬೆಣ್ಣೆಯ ಹಾಗೆ ಜಾರುತ್ತಿತ್ತು. ಜುಲೈಯಲ್ಲಿ ಎಳೆದರೆ ಮೇಜೇ ಬಂತು! ಒಣಗಿದ ಮೇಪಲ್ ಹಲಗೆಯ ತೇವ ಶೇಕಡಾ 8ರಿಂದ 14ಕ್ಕೆ ಏರಿದರೆ ಅಷ್ಟು ಅಗಲಕ್ಕೆ 3 ಮಿಲಿಮೀಟರ್ ದಾಟಿ ಉಬ್ಬುತ್ತದೆ. ಸಾಗುವಾನಿ ಇಷ್ಟು ಉಬ್ಬುವುದಿಲ್ಲ. ತಪ್ಪು ಮರದ್ದಲ್ಲ, ನನ್ನದು. ಈಗ 4 ಮಿಲಿಮೀಟರ್ ಬಿಡುತ್ತೇನೆ. ಬೇಸಗೆಯಲ್ಲಿ ಸಂದು ಸ್ವಲ್ಪ ಜಾಸ್ತಿ ಕಾಣುತ್ತದೆ, ಕಾಣಲಿ.

ಜಗಲಿಯ ಬೆಂಚಿಗೆ ಈ ಮರ ಬೇಡವೇ ಬೇಡ. ಮಳೆ ನೀರು ಬಿದ್ದರೆ ಕೊಳೆಯುತ್ತದೆ, ಹುಳವೂ ಹಿಡಿಯುತ್ತದೆ. ಮರದ ಅಂಚು ಕೊರೆಯುವ ರೌಟರ್ ಯಂತ್ರ ಓಡಿಸುವಾಗ ಒಂದು ಕ್ಷಣ ಕೈ ನಿಂತರೂ ಕಪ್ಪಗೆ ಸುಡುತ್ತದೆ. ಇನ್ನು ಸ್ಟೇನ್ ಬಳಿಯುವ ಆಸೆ. ಬಣ್ಣ ಒಂದು ಕಡೆ ಜಾಸ್ತಿ ಹೀರಿ, ಇನ್ನೊಂದು ಕಡೆ ಕಡಿಮೆ ಹೀರಿ, ತೊನ್ನು ಹಿಡಿದ ಹಾಗೆ ಕಾಣುತ್ತದೆ. ಸಾಗುವಾನಿ ಬಣ್ಣ ಬೇಕಿದ್ದರೆ ಸಾಗುವಾನಿಯನ್ನೇ ತನ್ನಿ, ಅಲ್ವಾ?

ತುಂಡುಗಳು ಕೊನೆಯ ಸಾಲಿಗೆ ಬಂದುವಾ? ಹನಿ ಬಿದ್ದ ಜಾಗ ನೋಡಿ. ಹಸಿರು ಛಾಯೆ ಬಂದದ್ದು ಹಾರ್ಡ್. ನೀಲಿಗಪ್ಪಾದದ್ದು ಸಾಫ್ಟ್. ಅಂಗಡಿಯವರು ನನಗೆ ಎರಡನ್ನೂ ಹಾರ್ಡ್ ಎಂದೇ ಕೊಟ್ಟಿದ್ದರು.