ಇಬ್ಬರೂ ಕೆರೆ ಮುಂದೇನೇ ಇದ್ವಿ

ಎಲ್ಲರಿಗೂ ನಮಸ್ಕಾರ. ನಾವು ಹಾಕೋ ವೀಕೆಂಡ್ ಫೋಟೋ ನೋಡಿ "ನಿಮ್ದಪ್ಪಾ ಜೀವನ ಅಂದ್ರೆ" ಅಂತ ಮೆಸೇಜ್ ಮಾಡ್ತೀರಲ್ಲ, ಇವತ್ತು ಫೋಟೋ ತೆಗೆಯೋಕೇ ಆಗದ ಒಂದು ಭಾನುವಾರದ ಕಥೆ ಹೇಳ್ತೀನಿ.

ನಾವಿರೋದು ಜರ್ಮನಿಯ ಮ್ಯೂನಿಕ್‌ನಲ್ಲಿ. ಇಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿದ್ದು, ಆಮೇಲೆ 58, ಈಗ 63. ವೇಗದ ಐಸಿಇ ಬಿಟ್ಟು ಲೋಕಲ್ ರೈಲಲ್ಲಿ ದೇಶದ ಯಾವ ಮೂಲೆಗಾದ್ರೂ ಹೋಗಬಹುದು. ಟಿಕೆಟ್ ಫೋನಲ್ಲೇ ಇರತ್ತಲ್ಲ, ಹಾಗಾಗಿ ಮೊದಲೇ ಯೋಚನೆ ಮಾಡೋ ಅಭ್ಯಾಸ ಹೋಗಿಬಿಟ್ಟಿದೆ. ತಿಂಡಿ ತಿಂದು, ತೇಗರ್ನ್‌ಸೇ ಕೆರೆ ನೋಡ್ಕೊಂಡು ಬರೋಣ ಅಂತ ಹೊರಟ್ವಿ. ಒಂದು ಗಂಟೆ ದಾರಿ ಅಷ್ಟೇ.

ರೈಲು ಫುಲ್. ಬೆಟ್ಟ ಹತ್ತೋರು, ಸೈಕಲ್ಲು, ನಾಯಿ. ನಮ್ಮೆಜಮಾನ್ರು ಮಗು ಮಲಗಿದ್ದ ತಳ್ಳುಗಾಡಿ ಹಿಡ್ಕೊಂಡು ಒಂದು ಬಾಗಿಲಲ್ಲಿ ಹತ್ತಿದ್ರು, ನಾನು ಬ್ಯಾಗ್ ಹಿಡ್ಕೊಂಡು ಇನ್ನೊಂದರಲ್ಲಿ. "ಒಳಗೆ ಸಿಗ್ತೀನಿ ಬಿಡು" ಅಂದ್ರು. ಸಿಗಲಿಲ್ಲ. ಒಂದೇ ರೈಲು ಅಂತ ಕಂಡ್ರೂ ಅದು ಮೂರು ತುಂಡು ಜೋಡಿಸಿದ್ದು, ಒಳಗಿಂದ ದಾರಿ ಇಲ್ಲ. ಹೋಲ್ಟ್ಸ್‌ಕಿರ್ಶೆನ್ ಸ್ಟೇಷನ್‌ನಲ್ಲಿ ಒಂದು ತುಂಡು ಕಳಚ್ಕೊಂಡು ಶ್ಲಿಯರ್‌ಸೇ ಕಡೆ ಹೋಗತ್ತೆ. ಉಳಿದಿದ್ದು ಮುಂದೆ ಶಾಫ್ಟ್‌ಲಾಖ್‌ನಲ್ಲಿ ಮತ್ತೆ ಎರಡಾಗಿ ಒಂದು ಲೆಂಗ್ರೀಸ್‌ಗೆ, ಇನ್ನೊಂದು ತೇಗರ್ನ್‌ಸೇಗೆ.

ನಾನು ತೇಗರ್ನ್‌ಸೇಯಲ್ಲಿ ಇಳಿದು, ಪ್ಲಾಟ್‌ಫಾರ್ಮ್ ಪೂರ್ತಿ ಖಾಲಿಯಾಗೋವರೆಗೂ ಕಾದು, ಫೋನ್ ಮಾಡಿದೆ.

"ರೀ, ಎಲ್ಲಿದ್ದೀರಾ?"

"ಕೆರೆ ಮುಂದೇನೇ ಇದ್ದೀನಿ ಕಣೇ. ನೀನೆಲ್ಲಿ?"

"ನನಗೂ ಕೆರೆ ಕಾಣ್ತಿದೆ. ನೀವು ಕಾಣ್ತಿಲ್ಲ. ಬೋರ್ಡ್ ಮೇಲೆ ಏನಿದೆ ನೋಡಿ."

"ಸೇ ಅಂತಿದೆ."

ಜರ್ಮನ್‌ನಲ್ಲಿ ಸೇ ಅಂದ್ರೇನೇ ಕೆರೆ! "ಅದರ ಹಿಂದೇನಿದೆ ಓದ್ರೀ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಶ್ಲಿಯರ್..."

ಅವರ ಹತ್ರ ಮಗು ಇದೆ. ಡೈಪರ್, ಪುಳಿಯೋಗರೆ, ಚಾರ್ಜರ್ ಎಲ್ಲಾ ನನ್ನ ಬ್ಯಾಗಲ್ಲಿ. ಅವರ ಫೋನಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜು. ಫೋನ್ ಸತ್ರೆ ಮಾತೂ ಇಲ್ಲ, ಟಿಕೆಟ್ಟೂ ಇಲ್ಲ. ಟಿಕೆಟ್ ತೋರಿಸದಿದ್ರೆ ದಂಡ 60 ಯೂರೋ. ನಮ್ಮ ಹೆಸರಲ್ಲೇ ಇರೋ ಪಾಸ್ ಆದ್ರೆ ವಾರದೊಳಗೆ ತೋರಿಸಿ 7 ಯೂರೋ ಕಟ್ಟಿ ಬಚಾವಾಗಬಹುದು, ಆದ್ರೆ ಆ ಹೊತ್ತಲ್ಲಿ ಅದೆಲ್ಲಾ ಯಾರಿಗೆ ನೆನಪಿರತ್ತೆ? ಡೈಪರ್ ಕೊಳ್ಳೋಣ ಅಂದ್ರೆ ಭಾನುವಾರ. ಇಲ್ಲಿ ಭಾನುವಾರದ ವಿಶ್ರಾಂತಿ ಸಂವಿಧಾನದಲ್ಲೇ ಇದೆ, ಇಲ್ಲಿಯ ಹಳೇ ಸಂವಿಧಾನ, ಅಂದ್ರೆ 1919ರ ವೈಮಾರ್ ಸಂವಿಧಾನದಿಂದ ಹಾಗೇ ಎತ್ಕೊಂಡು ಬಂದಿದ್ದು. ದೊಡ್ಡ ಅಂಗಡಿಗಳೆಲ್ಲಾ ಬಂದ್. ಟೂರಿಸ್ಟ್‌ಗಳಿಗೆ ಸಾಮಾನು ಮಾರೋ ಒಂದು ಅಂಗಡಿ ಮಾತ್ರ ತೆಗೆದಿತ್ತಂತೆ. ಅಲ್ಲಿ ಹಸು ಚಿತ್ರ ಇರೋ, ಪಾತ್ರೆ ಒರೆಸೋ ಬಟ್ಟೆ ತಗೊಂಡು, ಬೆಂಚ್ ಮೇಲೆ ಮಗುನ ಮಲಗಿಸಿ, ಅದನ್ನೇ ಲಂಗೋಟಿ ಥರ ಕಟ್ಟಿದ್ದಾರೆ ಪುಣ್ಯಾತ್ಮರು. ರೇಟ್ ಎಷ್ಟು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಈಗ ನನ್ನ ತಕರಾರು ಕೇಳಿ. ಇಂಥದ್ದಾದಾಗ ನಾವೆಲ್ಲಾ ಹೇಳೋದು ಒಂದೇ, "ಭಾಷೆ ಪ್ರಾಬ್ಲಮ್ಮು ಕಣ್ರೀ." ಶುದ್ಧ ಸುಳ್ಳು. ನಾನು ಜರ್ಮನ್ ಬಿ1, ಅಂದ್ರೆ ಮಧ್ಯಮ ಮಟ್ಟದ ಭಾಷಾ ಪರೀಕ್ಷೆ ಪಾಸಾಗಿದ್ದೀನಿ, ಸರ್ಟಿಫಿಕೇಟ್ ಬೀರುವಿನಲ್ಲಿದೆ. ಆ ಪರೀಕ್ಷೆಯಲ್ಲಿ ಇಂಥದ್ದೇ ಸ್ಟೇಷನ್ ಅನೌನ್ಸ್‌ಮೆಂಟ್ ಕೇಳಿಸಿ ಪ್ರಶ್ನೆ ಕೊಟ್ಟಿದ್ರು, ಸರಿಯಾಗಿ ಟಿಕ್ ಹಾಕಿದ್ದೆ. ಅವತ್ತು ರೈಲಲ್ಲೂ ಹೇಳಿದ್ರು, ಯಾವ ತ್ಸುಗ್‌ಟೈಲ್, ಅಂದ್ರೆ ರೈಲಿನ ಯಾವ ಭಾಗ, ಎಲ್ಲಿಗೆ ಹೋಗತ್ತೆ ಅಂತ. ಬೋರ್ಡಲ್ಲೂ ಓಡ್ತಿತ್ತು. ಶಬ್ದ ಕಿವಿಗೆ ಬಿತ್ತು, ನಾನು ಫೋನ್ ನೋಡ್ತಾ ಕೂತಿದ್ದೆ. ವರ್ಷಗಟ್ಟಲೆ ಇಲ್ಲೇ ಬಾಡಿಗೆ ಕಟ್ತೀವಿ, ಟ್ಯಾಕ್ಸ್ ಕಟ್ತೀವಿ. ಆದ್ರೆ ಮೈಕಲ್ಲಿ ದನಿ ಬಂದ ತಕ್ಷಣ, ಇದು ಇಲ್ಲಿಯವರಿಗೆ ಹೇಳ್ತಿರೋದು, ನಮಗಲ್ಲ ಅಂತ ಕಿವಿ ತಾನೇ ತೀರ್ಮಾನ ಮಾಡಿಬಿಡತ್ತೆ. ನನಗೆ ನಾಚಿಕೆ ಆಗಿದ್ದು ಅದಕ್ಕೆ, ರೈಲು ತಪ್ಪಿದ್ದಕ್ಕಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿಯನ್ನ ಒಂದು ಮಾತು ಕೇಳಿದ್ರೂ ಆಗ್ತಿತ್ತು. ಅವರೇನೋ ಮುಖ ನೋಡಿ ನಗ್ತಾ ಇದ್ರು.

ಕೊನೆಗೆ ಇಬ್ಬರೂ ವಾಪಸ್ ರೈಲು ಹತ್ತಿ, ತುಂಡಾದ ಜಾಗದಲ್ಲೇ, ಹೋಲ್ಟ್ಸ್‌ಕಿರ್ಶೆನ್‌ನಲ್ಲೇ ಸೇರಿದ್ವಿ. ಪಾಸ್ ಇದ್ದಿದ್ರಿಂದ ದಾರಿ ತಪ್ಪಿದ್ದಕ್ಕೆ ಒಂದು ಸೆಂಟೂ ಹೆಚ್ಚಿಗೆ ಬೀಳಲಿಲ್ಲ ಅನ್ನಿ. ಪ್ಲಾಟ್‌ಫಾರ್ಮ್ ಬೆಂಚ್ ಮೇಲೆ ಡಬ್ಬಿ ಬಿಚ್ಚಿ ಪುಳಿಯೋಗರೆ ತಿಂದ್ವಿ. ಮಗು ಮಾತ್ರ ಆ ಹಸು ಬಟ್ಟೆ ಬಿಚ್ಚೋಕೆ ಬಿಡಲೇ ಇಲ್ಲ.

ಈಗ ಮನೇಲಿ ಹೊಸ ಜಗಳ. ಅವರು ಶ್ಲಿಯರ್‌ಸೇನೇ ಚೆಂದ ಅಂತಾರೆ, ನಾನು ತೇಗರ್ನ್‌ಸೇ ಅಂತೀನಿ. ಅವರ ಕೆರೆ ನಾನು ನೋಡಿಲ್ಲ, ನನ್ನ ಕೆರೆ ಅವರು ನೋಡಿಲ್ಲ.