ಒಂದು ಬ್ಯಾರಲ್, ಎರಡು ಸಿಲಿಂಡರ್

ಮೇಜಿನ ಮೇಲೆ ಇರುವುದು ಒಂದೇ ರಿವಾಲ್ವರ್. ಪಕ್ಕದಲ್ಲಿ ಎರಡು ಸಿಲಿಂಡರ್, ಅಂದರೆ ತೋಟಾ ತುಂಬುವ, ತಿರುಗುವ ಉರುಳೆ. ನೋಡಿದರೆ ಅವಳಿ ಜವಳಿ, ಅಲ್ವಾ? ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಬಲಗಡೆಯದರ ತೂತುಗಳು ಒಂದು ಚೂರು ದೊಡ್ಡವು. ಇವತ್ತಿನ ಮಾತೆಲ್ಲ ಆ ಒಂದು ಚೂರಿನದ್ದು.

ಇದು ರೂಗರ್ ಸಿಂಗಲ್ ಸಿಕ್ಸ್. 1953ರಲ್ಲಿ ಬಂದಾಗ ‘22 ಲಾಂಗ್ ರೈಫಲ್’ ಅನ್ನುವ ತೋಟಾಗೆ ಮಾಡಿದ್ದು. 1959ರಲ್ಲಿ ವಿಂಚೆಸ್ಟರ್‌ನವರ ‘22 ಮ್ಯಾಗ್ನಮ್’ ತೋಟಾ ಬಂತು. ಆಮೇಲೆ ಶುರುವಾಯಿತು ಈ ಎರಡು ಸಿಲಿಂಡರಿನ ಜೋಡಿ. ಎರಡೂ ತೋಟಾಗಳ ಗುಂಡು ಹೆಚ್ಚುಕಮ್ಮಿ 5.7 ಮಿಲಿಮೀಟರ್ ದಪ್ಪ. ಬ್ಯಾರಲ್‌ಗೆ ಅಷ್ಟು ಸಾಕು. ಹಿಂದಿರುವ ಹಿತ್ತಾಳೆ ಕೇಸ್ ಉದ್ದವೋ ಗಿಡ್ಡವೋ, ಅದಕ್ಕೆ ಬೇಡದ ಉಸಾಬರಿ. ಅದನ್ನು ನೋಡಿಕೊಳ್ಳುವುದು ಸಿಲಿಂಡರ್.

ಬದಲಾಯಿಸುವುದು ಸುಲಭ. ಹಿಂಬದಿಯ ಪುಟ್ಟ ಬಾಗಿಲು, ಅಂದರೆ ಗೇಟ್, ತೆಗೆದು ಆರೂ ಚೇಂಬರ್ (ತೋಟಾ ಕೂರುವ ತೂತು) ಖಾಲಿ ಇವೆಯಾ ಅಂತ ಒಂದೊಂದಾಗಿ ನೋಡಿ. ಲಾಚ್ ಒತ್ತಿ, ಸಿಲಿಂಡರಿನ ನಡುವಿನ ಕಡ್ಡಿ, ಅಂದರೆ ಬೇಸ್ ಪಿನ್, ಮುಂದಕ್ಕೆ ಎಳೆಯಿರಿ. ಸಿಲಿಂಡರ್ ಬಲಗಡೆಯಿಂದ ಕೈಗೆ ಬರುತ್ತದೆ.

ಎಡವಟ್ಟಾಗುವುದು ಇದಾದ ಮೇಲೆ. ಮ್ಯಾಗ್ನಮ್ ತೋಟಾ ಚಿಕ್ಕ ತೂತಿನ ಸಿಲಿಂಡರಿನೊಳಗೆ ಹೋಗುವುದೇ ಇಲ್ಲ. ಆದರೆ ಲಾಂಗ್ ರೈಫಲ್ ತೋಟಾ ಮ್ಯಾಗ್ನಮ್ ಸಿಲಿಂಡರಿಗೆ ಜಾರಿಕೊಂಡು ಹೋಗುತ್ತದೆ. ಒಮ್ಮೆ ರೇಂಜಿನಲ್ಲಿ ಹರಟೆ ಹೊಡೆಯುತ್ತಾ ನಾನೇ ಹಾಗೆ ತುಂಬಿಬಿಟ್ಟೆ. ಸದ್ದು ಯಾಕೋ ಬೇರೆ ಥರ ಬಂತು. ತೆಗೆದು ನೋಡಿದರೆ ಕೇಸ್ ಉಬ್ಬಿ, ಉದ್ದಕ್ಕೂ ಸೀಳಿತ್ತು. ಕೇಸ್ ಮ್ಯಾಗ್ನಮ್‌ಗಿಂತ ಸುಮಾರು 0.4 ಮಿಲಿಮೀಟರ್ ಸಪೂರ, ಸುತ್ತ ಆಸರೆಯೇ ಇಲ್ಲ. ಸದ್ಯ, ಕನ್ನಡಕ ಹಾಕಿದ್ದೆ. ಅವತ್ತಿನಿಂದ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ತೋಟಾ ಡಬ್ಬಿ.

ದೊಡ್ಡ ಕ್ಯಾಲಿಬರ್‌ಗಳಲ್ಲೂ ಇದೇ ಲೆಕ್ಕ. ರೂಗರ್‌ನವರದೇ ಬ್ಲ್ಯಾಕ್‌ಹಾಕ್ ರಿವಾಲ್ವರಿನಲ್ಲಿ 357 ಮ್ಯಾಗ್ನಮ್ ಜೊತೆ 9 ಎಂಎಂ, 45 ಕೋಲ್ಟ್ ಜೊತೆ 45 ಎಸಿಪಿ. 38 ಸ್ಪೆಷಲ್‌ಗೆ ಮಾತ್ರ ಸುಮ್ನೆ ಇನ್ನೊಂದು ಸಿಲಿಂಡರ್ ಹುಡುಕಬೇಡಿ. ಅದು 357ರ ಗಿಡ್ಡ ತಮ್ಮ, ಅದೇ ಸಿಲಿಂಡರಿನಲ್ಲಿ ಹಾರುತ್ತದೆ.

ನನಗೆ ತುಂಬಾ ಹಿಡಿಸಿದ್ದು 9 ಎಂಎಂ ಕಥೆ. ಅದು ಪಿಸ್ತೂಲಿನ ತೋಟಾ, ಹಿಂದೆ ಹೊರಚಾಚಿದ ಅಂಚಿಲ್ಲ. ಪಕ್ಕಕ್ಕೆ ತೆರೆಯುವ ರಿವಾಲ್ವರ್‌ಗಳು ಆ ಅಂಚನ್ನೇ ಹಿಡಿದು ಖಾಲಿ ಕೇಸ್ ಹೊರಹಾಕುತ್ತವೆ. ಅಂಚಿಲ್ಲದಿದ್ದರೆ ಸಾಮಾನ್ಯವಾಗಿ ಮೂನ್ ಕ್ಲಿಪ್, ಅಂದರೆ ತೋಟಾಗಳನ್ನು ಒಟ್ಟಿಗೆ ಹಿಡಿದಿಡುವ ತೆಳು ಬಿಲ್ಲೆ, ಬೇಕು. ಇಲ್ಲಿ ಹಾಗಲ್ಲ. ಮುಂದಿನಿಂದ ಒಂದು ಕಡ್ಡಿ ಬಂದು ಒಂದೊಂದನ್ನೇ ಹಿಂದಕ್ಕೆ ತಳ್ಳುತ್ತದೆ. ಅಂಚಿದ್ದರೇನು, ಬಿಟ್ಟರೇನು! ಹಳೇ ಕಾಲದ ನಿಧಾನದ ವಿನ್ಯಾಸವೇ ಇಲ್ಲಿ ಗೆದ್ದಿದೆ.

ಹಾಗಂತ ಗೆಳೆಯರ ರಿವಾಲ್ವರಿನ ಸಿಲಿಂಡರ್ ತಂದು ಹಾಕಬೇಡಿ. ಚೇಂಬರ್ ಬ್ಯಾರಲ್ಲಿಗೆ ನೇರ ನಿಲ್ಲಬೇಕು, ನಡುವಿನ ಸಂದಿ ಸರಿ ಇರಬೇಕು. ಪ್ರತಿ ಸಿಲಿಂಡರನ್ನೂ ಅದರದೇ ರಿವಾಲ್ವರಿಗೆ ಹೊಂದಿಸಿರುತ್ತಾರೆ.

ಈಗ ಮ್ಯಾಗ್ನಮ್ ಸಿಲಿಂಡರ್ ಕೂರಿಸಿದ್ದೇನೆ. ಹಿಡಿದ ಗುರಿ ಅದೇ, ಆದರೆ ಕಾಗದ ನೋಡಿ, ಗುಂಡುಗಳು ಬೇರೆ ಕಡೆ ಗುಂಪು ಕಟ್ಟಿವೆ. ವೇಗ ಜಾಸ್ತಿ ಅಲ್ವಾ? ಸ್ಕ್ರೂಡ್ರೈವರ್ ತರುತ್ತೇನೆ, ಹಿಂದಿನ ಸೈಟ್ ತಿರುಗಿಸಬೇಕು.