ಹೊಳ್ಳಿಸಿ ನೋಡಿ

ಎಲ್ಲರಿಗೂ ನಮಸ್ಕಾರ. ದಸರೆಗೆ ಇನ್ನೂ ಒಂದೂವರೆ ತಿಂಗಳಿದೆ. ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆ ಕೆಳಗಿಳಿಯುವ ಮೊದಲೇ ಈ ಮಾತುಕತೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಇವತ್ತು ಹೇಳುವುದರಲ್ಲಿ ಏನಾದರೂ ಹಿಡಿಸಿದರೆ ಮನೆಗೆ ಹೋಗಿ ಮಾಡಿ ನೋಡಲು ನಿಮಗೆ ಸಮಯವಿರುತ್ತದೆ.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಮದುವೆಯಾಗಿ ಬಂದದ್ದು ಮೈಸೂರಿಗೆ. ಸೂಜಿ ಹಿಡಿಸಿದ್ದು ಅಲ್ಲಿ, ಗೊಂಬೆ ಕೂರಿಸಲು ಕಲಿಸಿದ್ದು ಇಲ್ಲಿ. ನಾನು ಮಾಡುವ ಬಟ್ಟೆಯ ಗೊಂಬೆಗಳಲ್ಲಿ ಈ ಎರಡೂ ಊರು ಸೇರಿಕೊಂಡಿವೆ.

ನಮ್ಮ ಆಯಿ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದರು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ನೇಯ್ಗೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲ ಏಳಬೇಕು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಅದೇ ದಾರಿಯಲ್ಲಿ ವಾಪಸು ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ಮುಚ್ಚಬೇಕು. ಮುಗಿದಾಗ ಎರಡೂ ಮಗ್ಗಲು ಒಂದೇ ಸಮ. ನಾನು ಏಳೆಂಟು ವರ್ಷದವಳಿದ್ದಾಗ ಒಂದು ತೇರು ಮುಗಿಸಿ, ಖುಷಿಯಿಂದ ಆಯಿಗೆ ತೋರಿಸಿದೆ. ಅವರು ಮುಂದಿನ ಮಗ್ಗಲು ನೋಡಲೇ ಇಲ್ಲ. "ಹೊಳ್ಳಿಸು" ಅಂದರು, ಅಂದರೆ ತಿರುಗಿಸಿ ಹಿಂದಿನ ಮಗ್ಗಲು ತೋರಿಸು ಅಂತ. ಹೊಳ್ಳಿಸಿದೆ. ಹಿಂದೆ ಮೂರು ಗಂಟು, ಒಂದು ಜೋತುಬಿದ್ದ ದಾರ. "ಬಿಚ್ಚು" ಅಂದರು. ಇಡೀ ತೇರು ಬಿಚ್ಚಿದೆ. ಇವತ್ತು ನಾನು ನಿಮಗೆ ಹೇಳಬೇಕೆಂದಿರುವುದು ಆಯಿಯ ಆ ಒಂದು ಮಾತನ್ನೇ. ಗೊಂಬೆಯನ್ನು ಹೊಳ್ಳಿಸಿ ನೋಡಬೇಕು, ಹೊಳ್ಳಿಸಿ ನೋಡುವ ಹಾಗೆ ಮಾಡಬೇಕು, ಹೊಳ್ಳಿಸಿ ನೋಡಲು ಬರುವ ಹಾಗೆ ಇಡಬೇಕು.

ಮೈಸೂರಿನ ಮನೆಗೆ ಬಂದ ಮೊದಲ ನವರಾತ್ರಿಯಲ್ಲಿ ಅತ್ತೆ ಪಟ್ಟದ ಗೊಂಬೆಗಳನ್ನು ನನ್ನ ಮಡಿಲಲ್ಲಿಟ್ಟರು. ಅವರ ತಾಯಿ ಅವರ ಮದುವೆಯಲ್ಲಿ ಕೊಟ್ಟ ರಕ್ತಚಂದನದ ರಾಜ ರಾಣಿ. ಪ್ರತಿ ವರ್ಷ ಅವಕ್ಕೆ ಹೊಸ ಬಟ್ಟೆ. ಹಳೆಯ ಜರಿಯಂಚನ್ನು ಕತ್ತರಿಸಿ ಅತ್ತೆ ಉಡಿಸುತ್ತಿದ್ದರು, ಸೊಗಸಾಗಿಯೇ ಉಡಿಸುತ್ತಿದ್ದರು. ಆದರೆ ಹಿಂದೆ ತಿರುಗಿಸಿದರೆ ಗುಂಡುಪಿನ್ನು, ಮೇಣ, ಬಿಟ್ಟ ಅಂಚು. ಪೇಟೆಯಿಂದ ತಂದ ಬಟ್ಟೆ ಗೊಂಬೆಗಳದೂ ಇದೇ ಕಥೆ. ಕಾರಣವೂ ಸರಳ: 9 ಮೆಟ್ಟಿಲು ಕಟ್ಟಿ, ಬಿಳಿ ಬಟ್ಟೆ ಹಾಸಿ, ಗೋಡೆಗೆ ಒರಗಿಸಿ ಇಟ್ಟಮೇಲೆ ಹಿಂಭಾಗ ಕಾಣುವುದೇ ಇಲ್ಲ. ಕಾಣದ ಕಡೆಗೆ ಕೈಯೂ ಹೋಗುವುದಿಲ್ಲ.

ಇದರಿಂದ ನಮಗಾದ ನಷ್ಟ ಎಷ್ಟೆಂದು ನನಗೆ ಗೊತ್ತಾದದ್ದು ನಮ್ಮ ನಾಡಿನ ಉಡುಗೆಗಳ ಸಾಲೊಂದನ್ನು ಮಾಡಲು ಕೂತಾಗ. ಕೊಡಗಿನ ಸೀರೆಯನ್ನೇ ನೋಡಿ. ಅದರ ನೆರಿಗೆ ಇರುವುದು ಹಿಂದೆ. ಸೆರಗು ಬಲಭುಜದ ಮೇಲೆ ಬಂದು ನಿಲ್ಲುತ್ತದೆ, ತಲೆಯ ವಸ್ತ್ರದ ಗಂಟು ಹಿಂದೆ. ಆ ಗೊಂಬೆಯನ್ನು ಎದುರಿನಿಂದ ಮಾತ್ರ ತೋರಿಸಿದರೆ ಕೊಡವ ಹೆಂಗಸಿನ ಉಡುಗೆಯ ಮುಖ್ಯ ಭಾಗವನ್ನೇ ಮುಚ್ಚಿಟ್ಟ ಹಾಗೆ. ಲಂಬಾಣಿ ಹೆಂಗಸಿನ ರವಿಕೆಯಾದ ಕಾಂಚಳಿಗೆ ಬೆನ್ನ ಮೇಲೆ ಬಟ್ಟೆಯಿಲ್ಲ, ಲಾಡಿಯಿಂದ ಬಿಗಿಯುತ್ತಾರೆ. ತಲೆಯಿಂದ ಇಳಿಬಿದ್ದ ಹೊದಿಕೆಯ ಕನ್ನಡಿ, ಕವಡೆ, ದಾರದ ಕೆಲಸವೆಲ್ಲ ಅವಳು ನಡೆದುಹೋಗುವಾಗ ಹಿಂದಿನಿಂದ ನಮಗೆ ಕಾಣುವಂಥದ್ದು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಂಥ ಕೆಲಸವನ್ನು ಗೋಡೆಗೆ ಒರಗಿಸಿ ಇಡಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಮೊಗ್ಗಿನ ಜಡೆ. ಬಾಳೆಪಟ್ಟೆಯ ಮೇಲೋ ರಟ್ಟಿನ ಮೇಲೋ ಮಲ್ಲಿಗೆ ಮೊಗ್ಗನ್ನು ಸಾಲುಸಾಲಾಗಿ ಹೊಲಿದು, ಅದನ್ನು ಜಡೆಗೆ ಕಟ್ಟಿ, ತುದಿಗೆ ಕುಚ್ಚು ಬಿಡುವ ಈ ಕೆಲಸ ಪೂರ್ತಿ ಬೆನ್ನಿನದೇ. ಇಲ್ಲಿರುವ ಅನೇಕರ ಮನೆಯಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ: ಐದಾರು ವರ್ಷದ ಹುಡುಗಿ, ರೇಷ್ಮೆ ಲಂಗ, ಸ್ಟುಡಿಯೋದವರು ಅವಳ ಹಿಂದೆ ಒಂದು ಕನ್ನಡಿ ಇಟ್ಟಿದ್ದಾರೆ. ಎದುರಿಗೆ ಮುಖ, ಕನ್ನಡಿಯಲ್ಲಿ ಜಡೆ. ಈ ಕನ್ನಡಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೊದಲು ಮಾಡುವ ಬಗೆ. ನನ್ನ ಗೊಂಬೆ ಹನ್ನೆರಡೂವರೆ ಇಂಚು ಎತ್ತರ, ಅಂದರೆ 5 ಅಡಿ 3 ಇಂಚಿನ ಹೆಂಗಸಿನ ಐದನೆಯ ಒಂದು ಭಾಗ. ಹಾಗಾಗಿ ಎಲ್ಲವನ್ನೂ ಐದರಿಂದ ಭಾಗಿಸುತ್ತೇನೆ. 6 ಗಜದ ಸೀರೆ 43 ಇಂಚಾಗುತ್ತದೆ, 45 ಇಂಚಿನ ಅಗಲ 9 ಇಂಚು, 4 ಇಂಚಿನ ಅಂಚು ಮುಕ್ಕಾಲು ಇಂಚು. ಆದರೆ ಬಟ್ಟೆಯ ದಪ್ಪವನ್ನು ಐದರಿಂದ ಭಾಗಿಸಲು ಆಗುವುದಿಲ್ಲ. ಬಟ್ಟೆ ಗೊಂಬೆಯ ಕಷ್ಟವೆಲ್ಲ ಇಲ್ಲಿದೆ. ಹೊಸ ರೇಷ್ಮೆ ಉಡಿಸಿದರೆ ನೆರಿಗೆ ಉಬ್ಬಿ, ಗೊಂಬೆ ಹೊಟ್ಟೆಯ ಮೇಲೆ ದಿಂಬು ಕಟ್ಟಿಕೊಂಡ ಹಾಗೆ ಕಾಣುತ್ತದೆ. ನೂರು ಸಲ ಒಗೆದು ಸವೆದ ಹತ್ತಿಸೀರೆ, ಹಳೆಯ ಮಲ್ ಪಂಚೆ, ಇವು ಗೊಂಬೆಯ ಮೈಗೆ ಕೂರುತ್ತವೆ. ಬಟ್ಟೆಯನ್ನು ತಿಳಿಗಂಜಿಯಲ್ಲಿ ಅದ್ದಿ, ಅರೆ ಒದ್ದೆ ಇರುವಾಗಲೇ ಐದು ನೆರಿಗೆ ಹಿಡಿದು ಇಸ್ತ್ರಿ ಮಾಡಿ, ಸೊಂಟದ ಹತ್ತಿರ ಒಳಗಿನಿಂದ ಎರಡು ಹೊಲಿಗೆ ಹಾಕುತ್ತೇನೆ. ಪಿನ್ನು ಬೇಡ. ಪಿನ್ನು ತುಕ್ಕು ಹಿಡಿದು, ಒಂದು ಮಳೆಗಾಲ ಕಳೆಯುವುದರೊಳಗೆ ಬಟ್ಟೆಗೆ ಕಂದು ಕಲೆ ಬಿಡುತ್ತದೆ.

ಮೈಗೆ ಕೋರಾ ಬಟ್ಟೆ. ಮೊದಲೇ ನೆನೆಸಿ ಒಣಗಿಸಿರಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಒಳಗೆ ಅರಳೆ, ಉಗುರಿನಷ್ಟು ಉಗುರಿನಷ್ಟೇ ತೆಗೆದುಕೊಂಡು ಹೆಣಿಗೆ ಕಡ್ಡಿಯ ಮೊಂಡು ತುದಿಯಿಂದ ಒತ್ತಬೇಕು. ಬೂರುಗದ ಹತ್ತಿ ದಿಂಬಿಗೆ ಸರಿ, ಗೊಂಬೆಗೆ ಬೇಡ. ಅದು ಜಾರುತ್ತದೆ, ಕತ್ತು ನಿಲ್ಲುವುದಿಲ್ಲ. ಕತ್ತಿನೊಳಗೆ ಎದೆಯವರೆಗೆ ಎರಡು ಊದುಬತ್ತಿ ಕಡ್ಡಿ ಸೇರಿಸಿ ಕಟ್ಟಿ ಇಡುತ್ತೇನೆ. ತುಂಬಿದ ಬಾಯನ್ನು ಮುಚ್ಚುವ ಹೊಲಿಗೆ ಎಲ್ಲರೂ ಬೆನ್ನ ಮೇಲೆ ಹಾಕುತ್ತಾರೆ. ನಾನು ಪಕ್ಕೆಯಲ್ಲಿ, ಕಂಕುಳ ಕೆಳಗೆ ಹಾಕುತ್ತೇನೆ. ಲಂಬಾಣಿ ಗೊಂಬೆಗೆ ಬೇರೆ ದಾರಿಯೇ ಇಲ್ಲವಲ್ಲ, ಅವಳ ಬೆನ್ನು ಕಾಣುತ್ತದೆ. ಮೊಗ್ಗಿನ ಜಡೆಗೆ ಕಪ್ಪು ದಾರ ಹೆಣೆದು, ಅದರ ಮೇಲೆ ಬಿಳಿ ದಾರದ ಗಂಟುಹೊಲಿಗೆ. ಒಂದೊಂದು ಗಂಟು ಒಂದೊಂದು ಮೊಗ್ಗು. ಒಂದು ಜಡೆಗೆ ಎರಡು ಸಂಜೆ ಬೇಕು.

ಕೌದಿ, ಅಂದರೆ ಹಳೆ ಬಟ್ಟೆಯ ತುಂಡು ಜೋಡಿಸಿದ ಹೊದಿಕೆ, ಹೊಲಿಯುವವರಿಂದಲೂ ನಾನು ಕಲಿತದ್ದುಂಟು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೊಲಿದ ಫೂಲ ಇರಬೇಕು. ಹೊದ್ದು ಮಲಗಿದವರಿಗೆ ಆ ಫೂಲ ಕಾಣುವುದಿಲ್ಲ. ಆದರೂ ಅದಿಲ್ಲದೆ ಕೌದಿ ಮುಗಿಯುವುದಿಲ್ಲ.

ಈಗ ತೋರಿಸುವ ವಿಷಯ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು ಕಟ್ಟಿದ ಅಂತರರಾಷ್ಟ್ರೀಯ ಗೊಂಬೆ ಸಂಗ್ರಹಾಲಯವಿದೆ. ಶುರುವಾದದ್ದು 1965ರಲ್ಲಿ. ಸುಮಾರು 85 ದೇಶಗಳ 6,500ರಷ್ಟು ಗೊಂಬೆಗಳು ಅಲ್ಲಿವೆ. ಹಂಗೇರಿಯ ಒಂದು ಗೊಂಬೆ ಶಂಕರ್ ಅವರ ಕೈಗೆ ಬಂದದ್ದೇ ಇದಕ್ಕೆಲ್ಲ ಮೊದಲು. ನಮ್ಮ ದೇಶದ ಉಡುಗೆಗಳ ಗೊಂಬೆಗಳನ್ನು ಅವರದೇ ಕಾರ್ಯಾಗಾರದಲ್ಲಿ ಮಾಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಲೇಬೇಕಾದ ಜಾಗ. ಅಷ್ಟು ಗೊಂಬೆಗಳನ್ನು ಕಾಪಾಡಲು ಗಾಜಿನ ಕಪಾಟು ಬೇಕೇ ಬೇಕು, ಒಪ್ಪುತ್ತೇನೆ. ನಮ್ಮಂಥವರ ಹತ್ತಿಪ್ಪತ್ತು ಗೊಂಬೆಗಳಿಗೆ ಗಾಜು ಯಾಕೆ?

ನಾನೂ ಒಮ್ಮೆ ಗಾಜಿನೊಳಗೆ ಇಟ್ಟಿದ್ದೆ. ಒಂದು ಪ್ರದರ್ಶನಕ್ಕೆಂದು ಗೊಂಬೆಗಳನ್ನು ಕೊಟ್ಟೆ. ಕಪಾಟು ಪಶ್ಚಿಮದ ಕಿಟಕಿಯ ಎದುರಿಗಿತ್ತು. ಎರಡು ತಿಂಗಳು ಸಂಜೆಯ ಬಿಸಿಲು ನೇರ ಬಿತ್ತು. ವಾಪಸು ತಂದಾಗ ಅತ್ತೆಯ ಹಳೆ ಸೀರೆಯಿಂದ ಮಾಡಿದ ಗೊಂಬೆಯ ದಾಳಿಂಬೆ ಬಣ್ಣ ಮುಂದೆಲ್ಲ ಬಾಡಿ ಹೋಗಿತ್ತು. ಅಳುವೇ ಬಂತು. ಹೊಳ್ಳಿಸಿದೆ. ಹಿಂದಿನ ಮಗ್ಗಲಲ್ಲಿ ಸೆರಗು, ಅತ್ತೆ ಉಡುತ್ತಿದ್ದಾಗ ಹೇಗಿತ್ತೋ ಹಾಗೇ ಇತ್ತು. ಆ ಸೀರೆಯ ನಿಜವಾದ ಬಣ್ಣ ಈಗ ಉಳಿದಿರುವುದು ಆ ಗೊಂಬೆಯ ಬೆನ್ನ ಮೇಲೆ ಮಾತ್ರ.

ಆ ವರ್ಷವೇ ನಾನು ಮೆಟ್ಟಿಲಿಗೆ ಕನ್ನಡಿ ತಂದೆ. ಗಾಜಿನ ಅಂಗಡಿಯಲ್ಲಿ ಒಂದಡಿ ಎತ್ತರದ ತುಂಡು ಕತ್ತರಿಸಿ, ಅಂಚು ಉಜ್ಜಿ ಕೊಡುತ್ತಾರೆ. ಗೊಂಬೆಯ ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟು, ಮೇಲಿನ ಮೆಟ್ಟಿಲಿಗೆ ಸ್ವಲ್ಪ ಓರೆಯಾಗಿ ಒರಗಿಸಿದರೆ ಸಾಕು. ನೇರ ಎದುರಿಗಿಟ್ಟರೆ ಗೊಂಬೆಯೇ ತನ್ನ ಬೆನ್ನನ್ನು ಮರೆಮಾಡುತ್ತದೆ, ಆದ್ದರಿಂದ ಗೊಂಬೆಯನ್ನೂ ಒಂದಿಷ್ಟು ಪಕ್ಕಕ್ಕೆ ತಿರುಗಿಸಿ. ಎಲ್ಲ ಮೆಟ್ಟಿಲಿಗೂ ಬೇಡ, ಮಕ್ಕಳ ಕಣ್ಣಿನ ಎತ್ತರದ ಒಂದೇ ಮೆಟ್ಟಿಲಿಗೆ ಸಾಕು.

ಬೊಂಬೆ ಬಾಗಿನಕ್ಕೆ, ಅಂದರೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿಗೆ, ಬಂದ ನಮ್ಮ ಬೀದಿಯ ಹುಡುಗಿಯೊಬ್ಬಳು ಕೈಯಲ್ಲಿ ಚಕ್ಕುಲಿ ಹಿಡಿದುಕೊಂಡೇ ಆ ಕನ್ನಡಿಯ ಮುಂದೆ ಬಹಳ ಹೊತ್ತು ಕೂತಳು. ಆಮೇಲೆ ಕೇಳಿದಳು, "ಆಂಟಿ, ಇವಳ ಜಡೆಗೆ ಕುಚ್ಚು ಇಲ್ಲವಲ್ಲ?" ನಿಜ. ಮೊಗ್ಗೆಲ್ಲ ಹೊಲಿದು, ಕುಚ್ಚು ಮರೆತಿದ್ದೆ. ಅಷ್ಟು ಜನ ದೊಡ್ಡವರು ನೋಡಿ ಹೋಗಿದ್ದರು, ಯಾರಿಗೂ ಕಂಡಿರಲಿಲ್ಲ. ರಾತ್ರಿ ಕೂತು ಕೆಂಪು ರೇಷ್ಮೆದಾರದ ಮೂರು ಕುಚ್ಚು ಕಟ್ಟಿದೆ. ಮರುದಿನ ಅವಳು ಬಂದು, ಗೊಂಬೆಯ ಮುಖದ ಕಡೆ ಕಣ್ಣು ಹಾಯಿಸದೆ ಸೀದಾ ಕನ್ನಡಿ ನೋಡಿದಳು.

ಆ ಗೊಂಬೆಯನ್ನು ಇವತ್ತು ತಂದಿದ್ದೇನೆ, ಮೇಜಿನ ಎಡತುದಿಯಲ್ಲಿದೆ. ದಾಳಿಂಬೆ ಬಣ್ಣದ ಸೀರೆಯವಳು ಅವಳ ಪಕ್ಕದಲ್ಲಿ. ಕೈ ಒರೆಸಿಕೊಂಡು ಬನ್ನಿ, ಎತ್ತಿಕೊಳ್ಳಿ, ಹೊಳ್ಳಿಸಿ ನೋಡಿ.